ಇಪ್ಪತ್ತೊಂದನೆಯ ದಿನದ ಸೂಜಿ

ಕಳೆದ ವಾರ ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದವರ ಕೈಯಿಂದ ಸ್ಪಿರಿಟ್ ಬಾಟಲಿ ಜಾರಿ ಬಿದ್ದು ಒಡೆಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಸೊಂಟ ತಾನಾಗಿಯೇ ಬಿಗಿಯಾಯಿತು. ನಲವತ್ತರ ಹತ್ತಿರ ಬಂದಿರುವ ಹೈಸ್ಕೂಲ್ ಟೀಚರು ನಾನು. ಆದರೂ ಒಂದು ಕ್ಷಣ ಏಳನೇ ಕ್ಲಾಸಿನ ಹುಡುಗಿಯಾಗಿ, ಊರಿನ ಆರೋಗ್ಯ ಉಪಕೇಂದ್ರದ ಬೆಂಚಿನ ಮೇಲೆ ಬೋರಲು ಮಲಗಿ, ನರ್ಸಮ್ಮನ ಸೂಜಿಗೆ ಕಾಯುತ್ತಿದ್ದೆ.

ಊರವರೆಲ್ಲ ಅವರನ್ನು ನರ್ಸಮ್ಮ ಅಂತಲೇ ಕರೆಯುತ್ತಿದ್ದರು. ಆರು ಹಳ್ಳಿಗೆ ಅವರೊಬ್ಬರೇ. ಲಸಿಕೆಯ ಡಬ್ಬಿಯನ್ನು ಹೆಗಲಿಗೆ ನೇತುಹಾಕಿಕೊಂಡು, ಬಸ್ಸಿದ್ದಲ್ಲಿ ಬಸ್ಸಿನಲ್ಲಿ, ಇಲ್ಲದಲ್ಲಿ ನಡೆದುಕೊಂಡು ತಿರುಗುತ್ತಿದ್ದರು. ಬಾಯಿ ಬಹಳ ಜೋರು. ಮಗುವಿಗೆ ಚುಚ್ಚುಮದ್ದು ಹಾಕಿಸದೆ ತಪ್ಪಿಸಿಕೊಂಡ ತಾಯಂದಿರನ್ನು ಗದ್ದೆಯವರೆಗೂ ಹುಡುಕಿಕೊಂಡು ಹೋಗಿ ಬೈಯುತ್ತಿದ್ದರು. ಬೈದಾದ ಮೇಲೆ ಅವರ ಮನೆಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಇದು ಸಾಗರದ ಕಥೆಯೋ, ಹೊಸನಗರದ್ದೋ, ತೀರ್ಥಹಳ್ಳಿಯದ್ದೋ ಅಂತ ನಾನು ಹೇಳುವುದಿಲ್ಲ. ಹೇಳಿದರೆ ಉಳಿದೆರಡು ತಾಲ್ಲೂಕಿನವರು ನಮ್ಮದಲ್ಲವಲ್ಲ ಅಂತ ನಿರಾಳವಾಗಿಬಿಡುತ್ತಾರೆ.

ಆ ವರ್ಷ ನನಗೆ ಪದೇಪದೇ ಗಂಟಲು ನೋವು, ಜ್ವರ. ಆಮೇಲೆ ಇವತ್ತು ಮಂಡಿ ಊದಿಕೊಂಡರೆ ನಾಳೆ ಮೊಣಕೈ. ಶಾಲೆಯ ದಿಬ್ಬ ಹತ್ತುವಷ್ಟರಲ್ಲಿ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅಪ್ಪ ನನ್ನನ್ನು ಸೋಮಾರಿ ಎಂದರು. ಅಷ್ಟರಲ್ಲಿ ಶಾಲೆಗೆ ತಪಾಸಣೆಯವರು ಬಂದರು. ಇಡೀ ಶಾಲೆಯ ಮಕ್ಕಳನ್ನು ಒಂದು ಗಂಟೆಯೊಳಗೆ ನೋಡಿ ಮುಗಿಸಿದರು. ನಾಲಿಗೆ ತೋರಿಸು, ಕಣ್ಣು ಬಿಡು, ಮುಂದೆ ಹೋಗು. ನನ್ನ ಕಾರ್ಡಿನಲ್ಲೂ ಎಲ್ಲರ ಹಾಗೆ ‘ಆರೋಗ್ಯವಾಗಿದ್ದಾಳೆ’ ಎಂದು ಬರೆದರು.

ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದ ನರ್ಸಮ್ಮ, ಮೆಟ್ಟಿಲ ಮೇಲೆ ಕುಸಿದು ಕೂತಿದ್ದ ನನ್ನನ್ನು ನೋಡಿದರು.

“ಎಷ್ಟ್ ದಿನದಿಂದ ಹಿಂಗೆ ಏದುಸಿರು ಬಿಡ್ತಿದೀಯೇ?”

“ಮಳೆಗಾಲದಿಂದ.”

“ಮನೇಲಿ ಹೇಳ್ಲಿಲ್ವನೇ?”

“ಹೇಳ್ದೆ. ಕೆಲ್ಸ ತಪ್ಸಕ್ಕೆ ನಾಟ್ಕ ಅಂದ್ರು.”

ಬಿ.ಪಿ. ನೋಡಲು ಇಟ್ಟುಕೊಂಡಿದ್ದ ಸ್ಟೆತಾಸ್ಕೋಪನ್ನೇ ತೆಗೆದು ನನ್ನ ಎದೆಗಿಟ್ಟರು. ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ಜೀಪು ಹತ್ತುತ್ತಿದ್ದ ಡಾಕ್ಟರ ಬಳಿಗೆ ನಡೆದರು.

“ಸಾರ್, ಈ ಹುಡುಗಿ ಎದೆ ಒಂದ್ಸಲ ಕೇಳಿ.”

“ಬರೆದಾಯ್ತಲ್ರೀ. ಇನ್ನೂ ಎರಡು ಶಾಲೆ ಇದೆ. ನೀವ್ಯಾವಾಗ ಡಾಕ್ಟ್ರಾಗಿದ್ದು?”

“ನಾನ್ ಡಾಕ್ಟ್ರಲ್ಲ ಸಾರ್. ಅದ್ಕೇ ನಿಮ್ಮನ್ನ ಕೇಳ್ತಿರೋದು.”

ಜೀಪು ಹೊರಟುಹೋಯಿತು.

ಮರುದಿನ ಬೆಳಿಗ್ಗೆ ನರ್ಸಮ್ಮ ನಮ್ಮ ಮನೆಗೆ ಬಂದರು. ಅಪ್ಪನ ಜೊತೆ ಜಗಳವನ್ನೇ ಆಡಿ, ನನ್ನನ್ನೂ ಅಮ್ಮನನ್ನೂ ಶಿವಮೊಗ್ಗದ ಬಸ್ಸು ಹತ್ತಿಸಿ, ತಾವೂ ಹತ್ತಿದರು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಹೇಳಿದರು: ಗಂಟಲಿನ ಸೋಂಕು ಹೃದಯದ ಕವಾಟಕ್ಕೆ ತಾಗಿದೆ; ಇನ್ನು ಮೇಲೆ ಇಪ್ಪತ್ತೊಂದು ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್, ವಯಸ್ಸು ಇಪ್ಪತ್ತು ದಾಟುವ ತನಕ. ತಪ್ಪಿಸಿದರೆ ಕವಾಟ ಇನ್ನಷ್ಟು ಕೆಡುತ್ತದೆ.

ಅನುಮತಿ ಇಲ್ಲದೆ ಕೇಂದ್ರ ಬಿಟ್ಟು ಹೋದದ್ದಕ್ಕೆ ನರ್ಸಮ್ಮನಿಗೆ ನೋಟಿಸ್ ಬಂತು. ಕಾರಣ ಬರೆಯುವ ಜಾಗದಲ್ಲಿ ಅವರು ನನ್ನ ಹೆಸರೊಂದನ್ನೇ ಬರೆದು ಕಳಿಸಿದರಂತೆ.

ಆ ಇಂಜೆಕ್ಷನ್ನಿನ ನೋವು ಈಗ ಹೇಳಿದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ. ದಪ್ಪ ಸೂಜಿ, ಗಟ್ಟಿ ಔಷಧಿ; ಎರಡು ದಿನ ಕುಂಟುತ್ತಿದ್ದೆ. ಎರಡು ವರ್ಷದ ಮೇಲೆ ಬೆಂಚಿಗೆ ಇನ್ನೊಬ್ಬಳು ಜೊತೆಯಾದಳು. ನನಗಿಂತ ಎರಡು ಕ್ಲಾಸ್ ಕೆಳಗಿದ್ದ ಸವಿತಾ. ಅವಳ ಎದೆಯ ಸದ್ದನ್ನೂ ಹಿಡಿದದ್ದು ನರ್ಸಮ್ಮನೇ. ಯಾರು ಅಳುವುದಿಲ್ಲ ಅಂತ ನಾವಿಬ್ಬರೂ ಪಂದ್ಯ ಕಟ್ಟುತ್ತಿದ್ದೆವು. ಸವಿತಾ ಸೂಜಿ ಹತ್ತಿರ ಬರುವ ಮೊದಲೇ ಸೋಲುತ್ತಿದ್ದಳು, ಆಮೇಲೆ ನಗುತ್ತಿದ್ದಳು... ಎಂಥ ನಗು ಅದು.

ನಾನು ಪಿಯುಸಿ ಸೇರಿದ ವರ್ಷ ನರ್ಸಮ್ಮನನ್ನು ಕಾರ್ಗಲ್ ಕಡೆಗೆ ವರ್ಗ ಮಾಡಿದರು. ಔಷಧಿ ಯಾಕೆ ಬಂದಿಲ್ಲ, ಯಾವಾಗ ಬರುತ್ತದೆ ಅಂತ ಪ್ರತಿ ಮೀಟಿಂಗಿನಲ್ಲೂ ಎದ್ದು ನಿಂತು ಕೇಳುವ ನರ್ಸು ಯಾರಿಗೆ ಬೇಕು? ಹೋಗುವ ಮುಂಚೆ ಮುಂದಿನ ಎರಡು ವರ್ಷದ ತಾರೀಕುಗಳನ್ನು ಹಾಳೆಯಲ್ಲಿ ಬರೆದು, ನಮ್ಮಮ್ಮನಿಗೊಂದು, ಸವಿತಾಳ ತಾಯಿಗೊಂದು ಕೊಟ್ಟರು.

ತಾರೀಕುಗಳೇನೋ ಬಂದವು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ತಿಂಗಳಿಗೊಮ್ಮೆ ಬಂದು ಬಾಗಿಲು ತೆಗೆಯುತ್ತಿದ್ದ ಪಕ್ಕದೂರಿನ ನರ್ಸು, “ಪೆನಿಸಿಲಿನ್ ನಾನ್ ಹಾಕಲ್ಲಪ್ಪ, ರಿಯಾಕ್ಷನ್ ಆದ್ರೆ ಯಾರ್ ಹೊಣೆ?” ಎಂದುಬಿಟ್ಟರು. ನನ್ನನ್ನು ಅಪ್ಪ ಖಾಸಗಿ ಡಾಕ್ಟರ ಬಳಿ ಕರೆದುಕೊಂಡು ಹೋಗತೊಡಗಿದರು. ಸವಿತಾಳ ತಾಯಿ ಕೂಲಿಗೆ ಹೋಗುವವರು, ಮನೆಯಲ್ಲಿ ಅವರು ಬಿಟ್ಟರೆ ಮಗಳು. ಅವರಿಗಿದ್ದದ್ದು ಸರ್ಕಾರಿ ಆಸ್ಪತ್ರೆಯೊಂದೇ. ಸ್ಟಾಕ್ ಇಲ್ಲ, ಡಾಕ್ಟರು ರಜೆ, ಸೋಮವಾರ ಬನ್ನಿ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ತಿಂಗಳಿದ್ದಾಗ ಸವಿತಾ ಶಿವಮೊಗ್ಗದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಹೋಗಿಬಿಟ್ಟಳು. ಆ ವರ್ಷದ ಅವಳ ಶಾಲಾ ಕಾರ್ಡಿನಲ್ಲೂ ‘ಆರೋಗ್ಯವಾಗಿದ್ದಾಳೆ’ ಎಂದೇ ಇತ್ತು.

ಸುದ್ದಿ ಕೇಳಿ ನರ್ಸಮ್ಮ ಬಂದರು. ಅಂಗಳದಲ್ಲಿ ಊರಿನವರು ಗುಸುಗುಸು ಮಾತಾಡುತ್ತಿದ್ದರು, ತಾಯಿ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ. ನರ್ಸಮ್ಮ ಆ ಹಾಳೆ ಕೇಳಿದರು. ಸವಿತಾಳ ತಾಯಿ ಒಳಗಿನಿಂದ ತಂದುಕೊಟ್ಟರು. ಓದು ಬರಹ ಬಾರದ ಆ ಹೆಂಗಸು, ಮಗಳಿಂದ ತಾರೀಕು ಓದಿಸಿಕೊಂಡು, ಆಸ್ಪತ್ರೆಗೆ ಹೋಗಿ ಬಂದ ದಿನಗಳಿಗೆಲ್ಲ ಕುಂಕುಮದ ಬೊಟ್ಟು ಇಟ್ಟಿದ್ದರು. ಅಲ್ಲಿಯವರೆಗಿನ ಒಂದು ತಾರೀಕೂ ಖಾಲಿ ಇರಲಿಲ್ಲ. ಒಂದೊಂದು ತಾರೀಕಿನ ಪಕ್ಕ ಎರಡು, ಮೂರು ಬೊಟ್ಟು.

“ಪ್ರತಿ ಸಲನೂ ಹೋಗಿದೀಯಲ್ಲೇ...” ಎಂದರು ನರ್ಸಮ್ಮ. ಎದ್ದು ನಿಂತು ಊರಿನವರಿಗೆಲ್ಲ ಆ ಹಾಳೆ ತೋರಿಸಿದರು. “ನೋಡ್ರೋ, ಕಣ್ ಬಿಟ್ಟು ನೋಡಿ! ಇವ್ಳು ಒಂದಿನಾನೂ ತಪ್ಸಿಲ್ಲ. ತಪ್ಸಿದ್ದು ನಾವು!”

‘ನಾವು’ ಎಂದರು. ತಾವಿದ್ದಷ್ಟು ದಿನ ಒಂದೂ ಸೂಜಿ ತಪ್ಪಿಸದಿದ್ದ ನರ್ಸಮ್ಮ ಹಾಗೆ ಹೇಳಿದರು. ಹೇಳಬೇಕಾಗಿದ್ದವರು ಯಾರೂ ಇವತ್ತಿಗೂ ಹೇಳಿಲ್ಲ. ಹಾಳೆಯ ನಕಲು ಮಾಡಿಸಿ ಅವರು ದೂರು ಬರೆದರು. ಬಹಳ ದಿನದ ಮೇಲೆ ಮೇಲಿನವರಿಂದ ಒಂದು ಸಾಲಿನ ಉತ್ತರ ಬಂತು: ಪೋಷಕರ ನಿರ್ಲಕ್ಷ್ಯದಿಂದ ಚಿಕಿತ್ಸೆ ನಿಂತಿರುವುದು ಕಂಡುಬಂದಿದೆ.

ನರ್ಸಮ್ಮ ನಿವೃತ್ತರಾಗಿ, ಕಾಯಿಲೆಯಿಂದ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎರಡು ತಿಂಗಳು ಕಳೆದ ಮೇಲೆ. ನಾನು ಅವರನ್ನು ನೋಡಲು ಹೋಗಬೇಕಿತ್ತು. ಮದುವೆ, ಕೆಲಸ, ಮಕ್ಕಳು... ಹೋಗಲಿಲ್ಲ. ಉಪಕೇಂದ್ರಕ್ಕೆ ಈಗ ಹೊಸ ಬಣ್ಣ, ಹೊಸ ಬೋರ್ಡು ಬಂದಿದೆ. ವಾರದಲ್ಲಿ ಎರಡು ದಿನ ಬಾಗಿಲು ತೆಗೆದರೆ ಹೆಚ್ಚು. ನಮ್ಮ ಶಾಲೆಯ ಮಕ್ಕಳ ಆರೋಗ್ಯ ಈಗ ಮೊಬೈಲಿನಲ್ಲಿ ದಾಖಲಾಗುತ್ತದೆ, ಮೊದಲಿಗಿಂತ ಬೇಗ ಮುಗಿಯುತ್ತದೆ.

ಸವಿತಾಳ ತಾಯಿ ಸಂತೆಯಲ್ಲಿ ಸಿಗುತ್ತಿರುತ್ತಾರೆ. ಮೊನ್ನೆಯೂ ಸಿಕ್ಕಿದ್ದರು. ನನ್ನ ಕೈ ಹಿಡಿದುಕೊಂಡು ಅವರು ಯಾವಾಗಲೂ ಕೇಳುವುದು ಒಂದೇ ಮಾತು: “ಉಸ್ರಾಟ ಚೆನಾಗಿದ್ಯೇನೇ ಮಗಾ?”

“ಚೆನಾಗಿದೆ ಅಮ್ಮ” ಎನ್ನುತ್ತೇನೆ. ಹಾಗೆನ್ನುವಾಗ ನನಗೆ ತಲೆ ಎತ್ತಲಾಗುವುದಿಲ್ಲ. ತಲೆ ತಗ್ಗಿಸಬೇಕಾದವರು ಬೇರೆ ಇದ್ದಾರೆ ಅಂತ ಗೊತ್ತಿದ್ದೂ.