ರಾಕ್ಷಸನಿಗೆ ಕಣ್ಣು ಬರೆಯಲಿಲ್ಲ

ಫ್ರೆಂಡ್ಸ್, ಮದುವೆಯಾದ ಮೇಲೆ ನನ್ನ ಗಂಡ ಕೊಟ್ಟ ಅತಿ ಮುದ್ದಾದ ಉಡುಗೊರೆ ಒಂದು ರಾಕ್ಷಸ. ಗೇಣುದ್ದದ ರೆಸಿನ್ ಗೊಂಬೆ, ಇವರು ಗೆಳೆಯರ ಜೊತೆ ಟೇಬಲ್ ಮೇಲೆ ದಾಳ ಹಾಕಿ ಆಡುವ ಆಟಕ್ಕೆ. ಬಿಡಿ ಬಿಡಿ ಭಾಗಗಳಾಗಿ ಬಂದಿತ್ತು, ಅಂಟಿಸಿ ಬಣ್ಣ ಬಳಿಯುವ ಕೆಲಸ ನನ್ನದು. ಇವತ್ತು ಬೆಳಿಗ್ಗೆ ಅದರ ಸೊಟ್ಟ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡುತ್ತಿದ್ದೆ. "ಹಾಲಿನ ಪಾತ್ರೇಲಿ ದೆವ್ವ ಬೇಯಿಸ್ತಿದ್ದೀಯೇನಮ್ಮ?" ಎಂದರು ಅತ್ತೆ.

ಎಲ್ಲ ಅಂಟಿಸಿ, ಮೈತುಂಬ ಕಪ್ಪು ಬಳಿದು, ಕುಣಿಯುತ್ತಾ ಇವರ ಅಜ್ಜಿಗೆ ತೋರಿಸಲು ಹೋದೆ. ತಮ್ಮೂರು ಮಿಡಿಗೇಶಿಯಿಂದ ಕರೆತಂದ ಮೇಲೆ ಅಜ್ಜಿ ಹಾಸಿಗೆ ಬಿಟ್ಟು ಎದ್ದಿಲ್ಲ. ಗೊಂಬೆಯನ್ನೇ ಬಹಳ ಹೊತ್ತು ನೋಡಿ, "ಇವನಿಗೆ ಕಣ್ಣೆಲ್ಲಿ?" ಎಂದರು.

"ಕೊನೇಲಿ ಬರೀತೀನಿ ಅಜ್ಜಿ."

"ನಮ್ಮೂರಲ್ಲಿ ದೇವರಿಗೂ ಅಂಗೇ ಕಣಮ್ಮ. ಕಣ್ಣು ಬರೆದ ಮೇಲೇ ಜೀವ ಬರೋದು. ಬೇಗ ಬರ್ದ್ಬುಡು. ಯಮನ ಕಡೆಯೋನು ಇಲ್ಲೀಗಂಟ ಬಂದವ್ನೆ, ಅವನಿಗೆ ನಾನು ಕಾಣ್ಬೇಕಲ್ಲ."

ನಾನು ನಕ್ಕೆ. ಅಜ್ಜಿ ನಗಲಿಲ್ಲ. "ಸಾಕಾಗೈತೆ ಮಗ" ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈಯಲ್ಲಿ ಬರೀ ಮೂಳೆ.

ಬಾಯಿಗೆ ಬಂದ ಸುಳ್ಳು ಹೇಳಿದೆ. "ಕಣ್ಣಿಗೆ ಬೇಕಾದ ಕೆಂಪು ಬಣ್ಣ ಖಾಲಿ ಅಜ್ಜಿ, ಶಿರಾದಿಂದ ತರಬೇಕು."

"ದೇವರ ಮುಂದೆ ಕುಂಕುಮ ಇಲ್ವಾ? ಎಣ್ಣೇಲಿ ಕಲ್ಸ್ಕೊಂಡು ಬಾ."

ಎದ್ದು ಬಂದವಳು ಕುಂಚವನ್ನೆಲ್ಲ ತೊಳೆದಿಟ್ಟೆ. "ಕಣ್ಣಿಲ್ಲದ ರಾಕ್ಷಸನ್ನ ನೋಡಿ ಎಲ್ಲ ನಗ್ತಾರೆ ಕಣೇ" ಎಂದು ಇವರು ಗೊಣಗುತ್ತಿದ್ದಾರೆ. ನಗಲಿ ಬಿಡಿ. ಕುರುಡನಾಗಿರುವಷ್ಟು ದಿನ ಅವನು ಯಮನ ಕಡೆಯವನಲ್ಲ, ನಮ್ಮ ಮನೆಯವನು.