ಗುಡ್ಲಿನ ಕಥೆಯ ಮರುದಿನ

ಆಗ ನಮ್ಮೂರಲ್ಲಿ ಹುಡುಗಿ ದೊಡ್ಡವಳಾದರೆ ಸೋದರಮಾವ ಹಿತ್ತಲಲ್ಲಿ ಹಸಿ ಗುಡ್ಲು ಹಾಕಬೇಕಿತ್ತು. ಬರೆಯಲು ನಾಚಿಕೆ, ಆದರೂ ನಿಮಗೆ ತಿಳಿದಿರಲಿ ಮಕ್ಕಳೇ. ನನ್ನ ಮಾವ ಅತ್ತಿಸೊಪ್ಪು, ತೆಂಗಿನ ಗರಿ ತಂದು ಕಟ್ಟಿದ. ಒಳಗೆಲ್ಲ ಹಸಿ ಸೊಪ್ಪಿನ ವಾಸನೆ. ತಿನ್ನಲು ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ. ಗೆಳತಿಯರು ಆಚೆ ಕೂತು ಗರಿಯ ಸಂದಿಯಲ್ಲಿ ಗಜ್ಜುಗ ಉರುಳಿಸುತ್ತಿದ್ದರು, ನಾನು ಒಳಗಿಂದ ತಿರುಗಿ ಉರುಳಿಸುತ್ತಿದ್ದೆ.

"ಮುಟ್ಟಬ್ಯಾಡ್ರೇ ಅವಳನ್ನ!" ಎಂದು ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು.

ಸಿರಿ, ಅಮೆರಿಕದ ಮಾರಿಸ್‌ವಿಲ್‌ನ ಈ ಮನೆಯಲ್ಲಿ ಮಲಗುವಾಗ ನೀನು ಎಷ್ಟು ಸಲ ಈ ಕಥೆ ಹೇಳಿಸಿಕೊಂಡೆ!

"ಅಜ್ಜಿ, ನಂಗೂ ಗುಡ್ಲು ಬೇಕು. ಅಟ್ಲಾಂಟಾ ಮಾಮ ಬಂದು ಬ್ಯಾಕ್‌ಯಾರ್ಡಲ್ಲಿ ಬಿಲ್ಡ್ ಮಾಡ್ಲಿ."

"ಮೊದ್ಲು ಕಾಲೊನಿಯ ಎಚ್‌ಒಎ ಕಮಿಟಿ ಪರ್ಮಿಷನ್ ತಗೊಳ್ಳೇ ಪುಟ್ಟಿ," ಎಂದಿದ್ದ ನಿನ್ನ ಮಾಮ ಫೋನಿನಲ್ಲಿ. ಎಲ್ಲರೂ ನಕ್ಕಿದ್ದೆವು.

ಹೋದ ವರ್ಷ ರಜೆಯಲ್ಲಿ ಪಕ್ಕದ ಮನೆಯ ಸರಿತಾ ಆಂಟಿ ನಮ್ಮನ್ನು ನೇಪಾಳಕ್ಕೆ, ತನ್ನ ಅಪ್ಪ ಹುಟ್ಟಿದ ಸಿಂಜಾ ಕಣಿವೆಗೆ ಕರೆದೊಯ್ದಳು. ಅವಳ ಇಂಗ್ಲಿಷನ್ನು ನೀನೇ ನನಗೆ ಕನ್ನಡ ಮಾಡುತ್ತಿದ್ದೆ. ನೇಪಾಳಿ ಮಾತು ಹುಟ್ಟಿದ್ದೇ ಅಲ್ಲಿ ಎಂದು ಅವಳಿಗೆ ಬಹಳ ಹೆಮ್ಮೆ. ನದಿ, ಕೆಂಪಕ್ಕಿಯ ಗದ್ದೆ, ಒಬ್ಬರ ಮಾಳಿಗೆಯೇ ಮೇಲಿನವರ ಅಂಗಳ. ಬಂಡೆಯ ಮೇಲಿನ ಹಳೆಯ ಅಕ್ಷರ ನೋಡಿ ಇಳಿಯುವಾಗ, ಕೊಟ್ಟಿಗೆಯ ಪಕ್ಕ ಮಣ್ಣಿನ ಗೂಡೊಂದು ಕಂಡಿತು. ನಿಲ್ಲುವಷ್ಟೂ ಎತ್ತರವಿಲ್ಲ. ಒಳಗೆ ನಿನ್ನಷ್ಟೇ ದೊಡ್ಡ ಹುಡುಗಿ, ತೊಡೆಯ ಮೇಲೆ ಪುಸ್ತಕ.

"ಅಜ್ಜಿ! ನಿನ್ನ ಗುಡ್ಲು!" ಎಂದೆ ನೀನು.

ನಾನು ಬಗ್ಗಿ ಒಳಗೆ ನೋಡಿದೆ. ಸಗಣಿ ವಾಸನೆ, ಹೊಗೆ. ಚಿಗಳಿಯಿಲ್ಲ, ಗೆಳತಿಯರಿಲ್ಲ. ಸರಿತಾ ಮುಖ ತಗ್ಗಿಸಿ ಏನೋ ಹೇಳಿದಳು, ನೀನು ಕನ್ನಡ ಮಾಡಿದೆ.

"ಪಿರಿಯಡ್ಸ್ ಅಂತ ಇಟ್ಟಿದ್ದಾರಂತೆ. ಗೌರ್ಮೆಂಟ್ ಲಾ ಬೇಡ ಅನ್ನುತ್ತಂತೆ ಅಜ್ಜಿ, ಆದ್ರೆ ಇಲ್ಲಿನ ಅಜ್ಜಿಗಳು ಕೇಳಲ್ವಂತೆ."

ಈ ಅಜ್ಜಿಯೂ ಹೀಗೆ ಕೂತಿದ್ದಳು ಎಂದು ಸರಿತಾ ಹುಡುಗಿಗೆ ತಿಳಿಸಿದಳು. ಹುಡುಗಿ ನನ್ನನ್ನೇ ದಿಟ್ಟಿಸಿ ಒಂದು ಮಾತು ಕೇಳಿದಳು. ಅದು ಸರಿತಾಳಿಂದ ನಿನಗೆ, ನಿನ್ನಿಂದ ನನಗೆ ಬಂತು.

"ಆಮೇಲೆ ನಿನ್ನನ್ನ ಸ್ಕೂಲಿಗೆ ಬಿಟ್ರಾ ಅಂತ ಕೇಳ್ತಿದ್ದಾಳೆ, ಅಜ್ಜಿ."

ನನ್ನ ಕಥೆ ಯಾವಾಗಲೂ ಗುಡ್ಲಿನಿಂದ ಎದ್ದ ದಿನದ ರೇಷ್ಮೆ ಲಂಗ, ಆರತಿಗೆ ಮುಗಿಯುತ್ತಿತ್ತು. ಮರುದಿನ ಏನಾಯಿತೆಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನನಗೂ ಮರೆತೇಹೋಗಿತ್ತು. ಮರುದಿನ ಸ್ಕೂಲಿನ ಗಂಟೆ ಕೇಳಿ ಚೀಲ ಹುಡುಕಿದ್ದೆ. ಅವ್ವ ಅದರಲ್ಲಿ ಹುಣಸೆಹಣ್ಣು ತುಂಬಿ ತೊಲೆಗೆ ನೇತುಹಾಕಿದ್ದಳು.

"ಇಲ್ಲ," ಎಂದೆ.

ನೀನು ಅದನ್ನು ಇಂಗ್ಲಿಷ್ ಮಾಡಲಿಲ್ಲ. ಹುಡುಗಿಗೆ ನನ್ನ ಮುಖ ನೋಡಿಯೇ ತಿಳಿಯಿತೇನೋ, ಪುಸ್ತಕವನ್ನು ಎದೆಗೆ ಅವುಚಿಕೊಂಡಳು.

ಗುಡ್ಲು ಬೇಡವೆಂದು ನಿನ್ನ ಮಾಮನಿಗೆ ಹೇಳಿದ್ದೇನೆ. ನೀನು ದೊಡ್ಡವಳಾದ ದಿನ ಚಿಗಳಿ ಮಾಡಿ ಡಬ್ಬಿಗೆ ಹಾಕಿಕೊಡುತ್ತೇನೆ, ತಗೊಂಡು ಸ್ಕೂಲ್ ಬಸ್ ಹತ್ತು. ಮೊನ್ನೆ ಒಂದಿಷ್ಟು ಕುಟ್ಟಿ ನೋಡಿದೆ. ನಿಮ್ಮಮ್ಮ ಚೆನ್ನಾಗಿದೆ ಎಂದಳು. ನನಗೆ ಮೊದಲಿನ ಸಿಹಿ ಹತ್ತಲೇ ಇಲ್ಲ. ಏಳನೇ ಕ್ಲಾಸಿನಲ್ಲಿ ಕಿಟಕಿ ಪಕ್ಕ ನನ್ನ ಜಾಗವಿತ್ತು. ಆಮೇಲೆ ಅಲ್ಲಿ ಯಾರು ಕೂತರೋ, ಇವತ್ತಿಗೂ ಗೊತ್ತಿಲ್ಲ.