ದೊಡ್ಡಪ್ಪನ ಬಲ್ಬು

ನಮ್ಮ ದೊಡ್ಡಪ್ಪ ಮೂವತ್ತು ವರ್ಷದಿಂದ ಹೂಗಿಡ ಬೆಳೆಸಿ ಮಾರುವವರು. ಅವರು ಯಾರನ್ನೂ ನಂಬುವುದಿಲ್ಲ. ಷಡ್ಡಕನಾದ ನಮ್ಮಪ್ಪನನ್ನಂತೂ ಕನಸಿನಲ್ಲೂ ಇಲ್ಲ. ಇಬ್ಬರ ನರ್ಸರಿಗೂ ನಡುವೆ ಒಂದೇ ಗೋಡೆ. ಒಂದೇ ತಾಯಿಗಿಡದಿಂದ ಕತ್ತರಿಸಿ ನೆಟ್ಟ ಸೇವಂತಿಗೆ ಈ ಸಲ ನಮ್ಮ ಕಡೆ ಮೈತುಂಬ ಅರಳಿತು. ಅವರ ಕಡೆ ಎದೆಯೆತ್ತರ ಬೆಳೆದರೂ ಒಂದು ಮೊಗ್ಗೂ ಕಟ್ಟಲಿಲ್ಲ.

ದೊಡ್ಡಪ್ಪ ಕುಂಡದ ಮಣ್ಣನ್ನು ಮೂಸಿ ನೋಡಿದರು, ನೀರಿನ ತೊಟ್ಟಿಗೆ ಬೀಗ ಜಡಿದರು. "ನಿಮ್ಮಪ್ಪ ಬೇರಿಗೆ ಏನೋ ಸುರೀತಿದಾನೆ" ಎಂದು ನನ್ನ ಮುಖಕ್ಕೇ ಹೇಳಿದರು.

ನಾನು ತಲೆಯೆತ್ತಿ ನೋಡಿದೆ. ಗಿಡಗಳ ಮೇಲೆ ತಟ್ಟೆಯಗಲದ ಬಲ್ಬು ನೇತಾಡುತ್ತಿತ್ತು. ಗೋಡೆ ಹಾರಿ ಬರುವ ಕಳ್ಳ ಕಾಣಲೆಂದು ಬೇಸಿಗೆಯಲ್ಲೇ ಹಾಕಿಸಿದ್ದು, ರಾತ್ರಿಯಿಡೀ ಉರಿಯುತ್ತದೆ. ಕಳ್ಳನೂ ಬರಲಿಲ್ಲ, ಹೂವೂ ಬರಲಿಲ್ಲ.

"ದೊಡ್ಡಪ್ಪ, ಸೇವಂತಿಗೆಗೆ ರಾತ್ರಿ ಎಷ್ಟುದ್ದ ಅಂತ ಗೊತ್ತಾಗುತ್ತೆ. ಕತ್ತಲು ಉದ್ದ ಆದ್ರೇನೇ ಹೂಬಿಡೋ ಹಾರ್ಮೋನು ಎಲೆಯಿಂದ ತುದಿಗೆ ಹೋಗೋದು. ನಿಮ್ಮ ಗಿಡಕ್ಕೆ ಇನ್ನೂ ಬೇಸಿಗೆನೇ ಮುಗಿದಿಲ್ಲ. ಆ ದೀಪ ಆರಿಸಿ."

ಅವರು ಗೋಡೆಯಾಚೆ ನಮ್ಮ ನರ್ಸರಿಯತ್ತ ಇಣುಕಿ ನೋಡಿದರು.

"ದೀಪ ಆರಿಸಿ ಬಾ ಅಂತ ನಿಮ್ಮಪ್ಪ ಹೇಳಿ ಕಳಿಸಿದ್ನಾ?"